ಮನೆಯ ಮೇಘವೂ ಮಗ್ಗುಲ ಹಗೇವೂ



ಮನೆಯ ಕಾಗದಪತ್ರಗಳನ್ನು ಗೆದ್ದಲಿನಿಂದ ಕಾಪಾಡುವ ಬಗೆಯನ್ನು ಕುರಿತು ನಾವು ಇದೇ ಪುಟದಲ್ಲಿ ಹಿಂದೆ ಬರೆದದ್ದನ್ನು ಓದಿ, ಸದ್ಗೃಹಸ್ಥರೊಬ್ಬರು ನಮಗೊಂದು ಪ್ರಶ್ನೆಯನ್ನು ಕಳಿಸಿರುತ್ತಾರೆ. ಅವರ ಮನೆಯಲ್ಲಿ ಕಾಗದಕ್ಕಿಂತ ಹೆಚ್ಚಾಗಿ ಕಂಪ್ಯೂಟರಿನ ಕಡತಗಳೇ ಇರುವವು. ಪರರ ಕಂಪನಿಗಳಿಗೆ ಅವನ್ನು ಒಪ್ಪಿಸಲು ಮನಸ್ಸೊಪ್ಪದೆ ಅವರು ಮನೆಯಲ್ಲಿಯೇ ಒಂದು ಚಿಕ್ಕ ಸರ್ವರನ್ನು ಇಟ್ಟುಕೊಂಡಿದ್ದಾರೆ. ಈಗ ಅದರ ಹೊಟ್ಟೆ ತುಂಬಿದೆ. ಮನೆಯ ನೆಟ್‌ವರ್ಕಿಗೇ ಜೋಡಿಸಿದ ಇನ್ನೊಂದು ಪೆಟ್ಟಿಗೆಯಲ್ಲಿ ಬೇಕಾದಷ್ಟು ಸ್ಥಳವಿದೆ. ಸರ್ವರಿನ ಸಂಗ್ರಹವನ್ನೆಲ್ಲ ಅಲ್ಲಿಗೆ ಸಾಗಿಸಬಹುದೇ ಎಂಬದು ಅವರ ಪ್ರಶ್ನೆ.

ಸಾಗಿಸಬಹುದು, ನಾವು ನೇಸರಗಿಯ ನಮ್ಮ ಮನೆಯಲ್ಲಿ ಹಾಗೆಯೇ ಮಾಡಿದ್ದೇವೆ. ಆದರೆ ಹಾಗೆ ಮಾಡಿದ್ದರಿಂದ ಒಂದು ರಾತ್ರಿ ನಿದ್ದೆಯನ್ನು ಪೂರ್ತಿಯಾಗಿ ಕಳೆದುಕೊಂಡೆವು. ಆದಕಾರಣ ಒಂದೇ ಮಾತಿನ ಉತ್ತರ ಕೊಟ್ಟು ಸುಮ್ಮನಾಗಲು ಮನಸ್ಸಾಗದು.

ಈ ವಿಷಯವನ್ನರಿಯದ ಮಾತೆಯರಿಗೂ ಹಿರಿಯರಿಗೂ ಮೊದಲು ನಾಲ್ಕು ಮಾತು. 'ಕ್ಲೌಡ್' ಎಂದರೆ ಮೋಡ. ನಮ್ಮ ಚಿತ್ರಗಳೂ ಪತ್ರಗಳೂ ಮೋಡದಲ್ಲಿವೆಯೆಂದು ಹುಡುಗರು ಹೇಳುವದುಂಟಷ್ಟೆ. ನಿಜವಾಗಿ ಅವು ಯಾವುದೋ ಊರಿನ, ಯಾರದೋ ಯಂತ್ರದ ಹೊಟ್ಟೆಯಲ್ಲಿರುತ್ತವೆ. ಆ ಮೋಡವನ್ನು ನಮ್ಮ ಮನೆಯ ಮೇಲೆಯೇ ಇಳಿಸಿಕೊಳ್ಳಬಹುದು. ಜರ್ಮನಿಯ ಫ್ರಾಂಕ್ ಕಾರ್ಲಿಚೆಕ್ ಎಂಬವರು 2010ರಲ್ಲಿ 'ಓನ್‌ಕ್ಲೌಡ್' ಎಂಬ ತಂತ್ರಾಂಶವನ್ನು ಆರಂಭಿಸಿದರು. 2016ರಲ್ಲಿ ಅದರಿಂದ ಕವಲೊಡೆದು 'ನೆಕ್ಸ್ಟ್‌ಕ್ಲೌಡ್' ಹುಟ್ಟಿತು. ಎರಡನ್ನೂ ಹಣ ಕೊಡದೆ ಪಡೆದು ನಮ್ಮ ಯಂತ್ರದಲ್ಲಿ ಹೂಡಿಕೊಳ್ಳಬಹುದು. ನಮ್ಮ ತಮ್ಮನ ಮಗನು ಬೆಳಗಾವಿಯಲ್ಲಿ ಇಂಜನಿಯರಿಂಗ್ ಓದುತ್ತಿರುವನು. ಅವನು ಅಂಗೈಯಗಲದ 'ರಾಸ್ಬೆರಿ ಪೈ' ಎಂಬ ಕಂಪ್ಯೂಟರಿನಲ್ಲಿ ನೆಕ್ಸ್ಟ್‌ಕ್ಲೌಡನ್ನು ಹೂಡಿ, ದೇವರ ಕೋಣೆಯ ಹೊರಗಿನ ಮಾಡದಲ್ಲಿ ಅದನ್ನು ಇಟ್ಟನು. ಹೊಲದ ಉತಾರಗಳು, ಮಕ್ಕಳ ಪ್ರಮಾಣಪತ್ರಗಳು, ನಮ್ಮಲ್ಲಿರುವ ಹಸ್ತಪ್ರತಿಗಳ ಚಿತ್ರಗಳು, ಎಲ್ಲಕ್ಕೂ ಮಿಗಿಲಾಗಿ, ನಮ್ಮ ತಾಯಿಯವರು ತೀರಿಕೊಳ್ಳುವ ಹಿಂದಿನ ವರ್ಷ ಹಾಡಿದ ಬೀಸುವ ಪದಗಳ ಧ್ವನಿಮುದ್ರಣ, ಇವೆಲ್ಲ ಅದರೊಳಗೆ ಸೇರಿದವು.

ಆ ಯಂತ್ರದ ಸ್ವಂತ ಹೊಟ್ಟೆಯೆಂದರೆ ಉಗುರಿನಷ್ಟು ದೊಡ್ಡ ಒಂದು ಕಾರ್ಡು. 32 ಗಿಗಾಬೈಟು ಹಿಡಿಯುವಂಥದು. ಆರು ತಿಂಗಳಲ್ಲಿ ಅದು ತುಂಬಿತು. ಆಗ ಎರಡು ಹಾರ್ಡ್‌ಡಿಸ್ಕುಗಳುಳ್ಳ ಒಂದು ಭಂಡಾರದ ಪೆಟ್ಟಿಗೆಯನ್ನು ತಂದು ನಡುಮನೆಯಲ್ಲಿಟ್ಟು, ತಂತಿಯಿಂದ ಅದನ್ನು ಮನೆಯ ನೆಟ್‌ವರ್ಕಿಗೆ ಜೋಡಿಸಿದೆವು. ಹೀಗೆ ಒಂದು ಯಂತ್ರವು ತನ್ನ ಸ್ಥಳವನ್ನು ಜಾಲದ ಮುಖಾಂತರ ಇನ್ನೊಂದಕ್ಕೆ ಬಳಸಗೊಡುವದಕ್ಕೆ 'ನೆಟ್‌ವರ್ಕ್ ಷೇರ್' ಎನ್ನುವರು. ಇದು ಹೊಸ ಉಪಾಯವೇನೂ ಅಲ್ಲ. ಸನ್ ಮೈಕ್ರೊಸಿಸ್ಟಮ್ಸ್ ಕಂಪನಿಯವರು 1984ರಲ್ಲಿ 'ಎನ್ ಎಫ್ ಎಸ್' ಎಂಬ ಪದ್ಧತಿಯನ್ನು ತಂದರು. ಐ ಬಿ ಎಂ ಕಂಪನಿಯಲ್ಲಿ ಅದೇ ದಶಕದಲ್ಲಿ 'ಎಸ್ ಎಂ ಬಿ' ಎಂಬದು ಹುಟ್ಟಿತು. ವಿಂಡೋಸ್ ಯಂತ್ರಗಳ ಮಾತು ಇದೇ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಎಂಬವರು 1990ರ ದಶಕದ ಆರಂಭದಲ್ಲಿ 'ಸಾಂಬಾ' ಎಂಬ ತಂತ್ರಾಂಶವನ್ನು ಬರೆದು, ಬೇರೆ ಕುಲದ ಯಂತ್ರಗಳೂ ಆ ಮಾತನ್ನಾಡುವಂತೆ ಮಾಡಿದರು.

ನಮ್ಮ ಸೀಮೆಯವರಿಗೆ ಇದನ್ನು ತಿಳಿಸುವದು ಕಠಿಣವಲ್ಲ. ಹಿಂದೆ ಜೋಳವನ್ನು ಮನೆಯಲ್ಲಿ ತುಂಬಿಕೊಳ್ಳಲಾರದಷ್ಟು ಬೆಳೆದವರು ಹಗೇವಿನಲ್ಲಿ ಹಾಕುತ್ತಿದ್ದರು. ಕಾಳು ಹಗೇವಿನಲ್ಲಿ, ಲೆಕ್ಕದ ಕೀರ್ದಿಯು ಮನೆಯ ಪೆಟ್ಟಿಗೆಯಲ್ಲಿ. ಎಷ್ಟು ಚೀಲ ಹಾಕಿದೆ, ಯಾರ ಪಾಲು ಎಷ್ಟು, ಯಾರಿಗೆ ಕಡ ಕೊಟ್ಟಿದೆ ಎಂಬದು ಕೀರ್ದಿಗೆ ಗೊತ್ತೇ ಹೊರತು ಹಗೇವಿಗೆ ಗೊತ್ತಿಲ್ಲ. ಮೇಘದ ಸರ್ವರಿನಲ್ಲಿಯೂ ಹೀಗೆಯೇ ಎರಡು ಅಂಗಗಳಿವೆ. ಕಡತಗಳ ರಾಶಿ ಒಂದು. ಆ ಕಡತಗಳ ಹೆಸರು, ಒಡೆಯ, ಯಾರು ಯಾರಿಗೆ ಹಂಚಿದ್ದಾರೆಂಬ ವಿವರ, ಇವನ್ನೆಲ್ಲ ಬರೆದಿಟ್ಟ ದತ್ತಕೋಶ ಅಥವಾ ಡೇಟಾಬೇಸ್ ಎಂಬದು ಇನ್ನೊಂದು. ರಾಶಿಯನ್ನು ಜಾಲದಾಚೆಯ ಪೆಟ್ಟಿಗೆಗೆ ಕಳಿಸಬಹುದು. ಕೀರ್ದಿಯನ್ನು ಮಾತ್ರ ಕಳಿಸಬಾರದು. ಡೇಟಾಬೇಸು ಕ್ಷಣಕ್ಷಣಕ್ಕೂ ಚಿಕ್ಕ ಚಿಕ್ಕ ಬರಹಗಳನ್ನು ಬರೆಯುತ್ತ, ಇಬ್ಬರು ಒಮ್ಮೆಲೆ ಒಂದೇ ಪುಟವನ್ನು ತಿದ್ದದಂತೆ ಬೀಗ ಹಾಕುತ್ತ ಇರುವದು. ಆ ಬೀಗಗಳು ಜಾಲದ ಮೇಲೆ ನೆಟ್ಟಗೆ ಬೀಳುವವೆಂಬ ನಂಬಿಕೆಯಿಲ್ಲ. 'ಎಸ್‌ಕ್ಯೂಲೈಟ್' ಎಂಬ ಡೇಟಾಬೇಸನ್ನು ರಚಿಸಿದವರು ತಾವೇ ಈ ಎಚ್ಚರಿಕೆಯನ್ನು ಕೊಟ್ಟಿರುತ್ತಾರೆ. ನಮ್ಮ ಹುಡುಗನು ಇದನ್ನು ಅರಿತಿದ್ದನು. ಕೀರ್ದಿಯನ್ನು ಸರ್ವರಿನಲ್ಲಿಯೇ ಉಳಿಸಿದನು. ಅವನಿಗೆ ಸಲ್ಲಬೇಕಾದ ಶ್ಲಾಘನೆಯನ್ನು ಮೊದಲೇ ಸಲ್ಲಿಸುತ್ತೇವೆ, ಯಾತಕ್ಕೆಂದರೆ ಮುಂದೆ ಅವನ ತಪ್ಪನ್ನೂ ಹೇಳಬೇಕಾಗಿದೆ, ನಮ್ಮದನ್ನೂ.

ಮೊದಲ ದಿನದ ತೊಡಕು ಒಡೆತನದ್ದು. ನೆಕ್ಸ್ಟ್‌ಕ್ಲೌಡಿನ ಸಂಗ್ರಹಕ್ಕೆ ಒಡೆಯನು ಮನೆಯ ಯಜಮಾನನಲ್ಲ, ಯಂತ್ರದೊಳಗಿನ ಜಾಲಸೇವಕನೆಂಬ ಒಬ್ಬ ಕಾಲ್ಪನಿಕ ಗೃಹಸ್ಥ. ಡೆಬಿಯನ್ ಕುಲದ ಯಂತ್ರಗಳಲ್ಲಿ ಅವನ ಅಂಕೆ 33. ಈ ಮಹಾಶಯನ ಹೊರತು ಅನ್ಯರು ಸಂಗ್ರಹದಲ್ಲಿ ಕೈಯಾಡಿಸುವಂತಿದ್ದರೆ ಸರ್ವರು ಕೆಲಸಮಾಡಲು ಒಪ್ಪುವದಿಲ್ಲ. ಎಸ್ ಎಂ ಬಿ ಪದ್ಧತಿಯಲ್ಲಿ ಪೆಟ್ಟಿಗೆಯನ್ನು ಜೋಡಿಸಿದರೆ, ಸಾಮಾನ್ಯವಾಗಿ ಕಡತಗಳೆಲ್ಲ ಜೋಡಿಸಿದವನ ಹೆಸರಿಗೇ ತೋರುವವು; ಆಮೇಲೆ ಒಡೆತನ ಬದಲಿಸಿದರೂ ಬದಲಾಗಲೊಲ್ಲವು. ಜೋಡಿಸುವ ಘಳಿಗೆಯಲ್ಲಿಯೇ 'ಇದೆಲ್ಲ 33ನೆಯವನದು, ಹೊರಗಿನವರಿಗೆ ಪ್ರವೇಶವಿಲ್ಲ' ಎಂದು ಬರೆದುಕೊಡಬೇಕು. ಎನ್ ಎಫ್ ಎಸ್ ಪದ್ಧತಿಯಲ್ಲಿ ಅಂಕೆಗಳು ಇದ್ದಂತೆಯೇ ಆ ಕಡೆಗೆ ಹೋಗುವವು. ಎರಡೂ ಕಡೆ 33 ಒಬ್ಬನೇ ಆಗಿರಬೇಕು. ಅಲ್ಲದೆ ಸರ್ವಾಧಿಕಾರಿಯಾದ 'ರೂಟ್' ಎಂಬವನನ್ನು ಪೆಟ್ಟಿಗೆಯು ಸಾಧಾರಣವಾಗಿ ಅನಾಮಧೇಯನೆಂದೇ ಎಣಿಸುವದು. ತನ್ನ ಯಂತ್ರದಲ್ಲಿ ಸಾರ್ವಭೌಮನಾದವನು ಪಕ್ಕದ ಯಂತ್ರದಲ್ಲಿ ಬರಿಯ ದಾರಿಹೋಕನು. ಈ ನಯವು ಮನುಷ್ಯರಲ್ಲಿಯೂ ಇದ್ದಿದ್ದರೆ ಎಷ್ಟೋ ಬೀಗರ ಮನೆಗಳಲ್ಲಿ ಶಾಂತಿಯಿರುತ್ತಿತ್ತು.

ಇಷ್ಟನ್ನು ಸರಿಪಡಿಸಿದ ಮೇಲೆ ಎಂಟು ತಿಂಗಳು ಎಲ್ಲವೂ ಸುಗಮವಾಗಿ ನಡೆಯಿತು.

ಒಂದು ಶುಕ್ರವಾರ ರಾತ್ರಿ ಗುಡುಗುಸಿಡಿಲಿನ ಮಳೆಯಾಗಿ ವಿದ್ಯುತ್ತು ಹೋಯಿತು, ನಸುಕಿನಲ್ಲಿ ಬಂದಿತು. ಚಿಕ್ಕ ಸರ್ವರು ಅರ್ಧ ನಿಮಿಷದಲ್ಲಿ ಎಚ್ಚತ್ತಿತು. ಭಂಡಾರದ ಪೆಟ್ಟಿಗೆ ವಯಸ್ಸಾದವರಂತೆ ನಿಧಾನವಾಗಿ ಏಳುವಂಥದು. ಡಿಸ್ಕುಗಳು ತಿರುಗಿ ಸಿದ್ಧವಾಗಲು ಅದಕ್ಕೆ ಮೂರು ನಾಲ್ಕು ನಿಮಿಷ ಬೇಕು. ಸರ್ವರು ಕರೆದಾಗ ಪೆಟ್ಟಿಗೆ ಓಗೊಡಲಿಲ್ಲ. ಸರ್ವರು ಇನ್ನೊಮ್ಮೆ ಕರೆಯಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಪರಯಂತ್ರದ ಸಂಗ್ರಹವನ್ನು ಜೋಡಿಸುವದೆಂದರೆ, ಸರ್ವರಿನಲ್ಲಿ ಮೊದಲೇ ಇರುವ ಒಂದು ಬರಿದಾದ ಫೋಲ್ಡರಿನ ಬಾಗಿಲಿಗೆ ಅದನ್ನು ತಗುಲಿಸುವದು. ಜೋಡಣೆಯಿದ್ದಾಗ ಆ ಬಾಗಿಲನ್ನು ತೆರೆದರೆ ಹಗೇವು ಕಾಣುವದು. ಜೋಡಣೆ ತಪ್ಪಿದಾಗಲೂ ಬಾಗಿಲು ಇದ್ದೇ ಇರುವದು. ಆದರೆ ತೆರೆದರೆ ಕಾಣುವದು ಹಗೇವಲ್ಲ, ಬಾಗಿಲ ಹಿಂದಿನ ಒಂದು ಬರಿಯ ಗೂಡು. ಬಾಗಿಲಿನ ಹೆಸರು ಅದೇ, ಬಣ್ಣ ಅದೇ. ತೆರೆದವನಿಗೆ ವ್ಯತ್ಯಾಸವು ತಿಳಿಯದು.

ನೆಕ್ಸ್ಟ್‌ಕ್ಲೌಡನ್ನು ರಚಿಸಿದವರು ಈ ಅಪಾಯವನ್ನು ಊಹಿಸಿಯೇ ಇದ್ದಾರೆ. ಸಂಗ್ರಹದ ಮೊದಲ ಮೆಟ್ಟಿಲಲ್ಲಿ, ಚುಕ್ಕೆಯಿಂದ ಮೊದಲಾಗುವ ಹೆಸರಿನ ಒಂದು ಗುರುತಿನ ಕಡತವನ್ನು ಇಟ್ಟಿರುತ್ತಾರೆ. ಆ ಗುರುತು ಕಾಣದಿದ್ದರೆ 'ಇದು ನನ್ನ ಸಂಗ್ರಹವಲ್ಲ' ಎಂದು ಸರ್ವರು ಮುಷ್ಕರ ಹೂಡುವದು. ಶನಿವಾರ ಬೆಳಿಗ್ಗೆ ನಮ್ಮದೂ ಹಾಗೆಯೇ ಮಾಡಿತು. ಊರಿಗೆ ಬಂದಿದ್ದ ಹುಡುಗನು ದೋಷಪತ್ರವನ್ನು ಓದಿದನು. ಗುರುತಿನ ಕಡತವಿಲ್ಲವೆಂದು ಅದರಲ್ಲಿ ಬರೆದಿತ್ತು. ಮನೆಯಲ್ಲಿ ಮರುದಿನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಸಂಭ್ರಮ. ಅವಸರದಲ್ಲಿ ಅವನು ಗುರುತು ಯಾಕೆ ಇಲ್ಲವೆಂದು ಕೇಳದೆ ಹೊಸದೊಂದು ಗುರುತನ್ನು ಅಲ್ಲಿಯೇ ಮಾಡಿಟ್ಟನು. ಸರ್ವರು ಸಮಾಧಾನಗೊಂಡಿತು. ಕಾವಲುಗಾರನು ಬೊಗಳಿದನೆಂದು ಅವನ ಬಾಯಿಗೆ ರೊಟ್ಟಿ ಹಾಕಿದಂತಾಯಿತು. ಬಳಿಕ ಕಡತಗಳು ತೆರೆಯುತ್ತಿಲ್ಲವೆಂದು ನಾವು ದೂರಲಾಗಿ, 'ಎಲ್ಲವನ್ನೂ ಹೊಸದಾಗಿ ಎಣಿಸು' ಎಂಬ ಆಜ್ಞೆಯನ್ನು ಕೊಟ್ಟನು.

ಸರ್ವರು ಬರಿದಾದ ಗೂಡನ್ನು ಎಣಿಸಿತು, ಏನೂ ಕಾಣಲಿಲ್ಲ. ಆದಕಾರಣ ಕೀರ್ದಿಯಲ್ಲಿದ್ದ ಹೆಸರುಗಳನ್ನೆಲ್ಲ ಹೊಡೆದುಹಾಕಿತು.

ಮೂವತ್ತು ವರ್ಷ ಸಂಸ್ಕೃತ ಕಲಿಸಿದ ನಮಗೆ ಇಲ್ಲಿ ಶಾಸ್ತ್ರದ ನೆನಪಾಗದೆ ಇರಲಾರದು. 'ನೆಲದ ಮೇಲೆ ಗಡಿಗೆಯಿಲ್ಲ' ಎಂಬ ಜ್ಞಾನವು ಹೇಗೆ ಹುಟ್ಟುವದೆಂದು ನಮ್ಮ ದಾರ್ಶನಿಕರು ಬಹಳ ಚರ್ಚಿಸಿದ್ದಾರೆ. ಭಾಟ್ಟ ಮೀಮಾಂಸಕರು ಇದಕ್ಕೆ ಅನುಪಲಬ್ಧಿಯೆಂಬ ಬೇರೆ ಪ್ರಮಾಣವನ್ನೇ ಒಪ್ಪುತ್ತಾರೆ: ಕಾಣಲಿಲ್ಲ, ಆದ್ದರಿಂದ ಇಲ್ಲ. ಆದರೆ ಬರಿಯ ಕಾಣದಿರುವಿಕೆ ಸಾಲದು, ಯೋಗ್ಯಾನುಪಲಬ್ಧಿಯೇ ಬೇಕು. ಇದ್ದಿದ್ದರೆ ಕಂಡೇ ಕಾಣಬೇಕಾದ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯಿಲ್ಲವೆನ್ನಲಾಗದು. ನಮ್ಮ ಸರ್ವರು ಕತ್ತಲೆಯಲ್ಲಿ ನಿಂತು ಗಡಿಗೆಯಿಲ್ಲವೆಂದು ಬರೆದುಕೊಂಡಿತು. ದೀಪವಿದೆಯೋ ಇಲ್ಲವೋ ಎಂದು ನೋಡುವ ಯೋಗ್ಯತೆ ಆ ಗುರುತಿನ ಕಡತಕ್ಕಿತ್ತು; ಅದನ್ನೇ ನಾವು ವಂಚಿಸಿದ್ದೆವು.

ಅನರ್ಥವು ಇಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಮೇಜಿನ ಕಂಪ್ಯೂಟರಿನಲ್ಲಿ ಅದೇ ಸಂಗ್ರಹದ ಪ್ರತಿಬಿಂಬವೊಂದಿದೆ; ಇಲ್ಲಿ ಮಾಡಿದ್ದು ಅಲ್ಲಿ, ಅಲ್ಲಿ ಮಾಡಿದ್ದು ಇಲ್ಲಿ ಆಗುವಂತೆ ಏರ್ಪಾಡು. ಸರ್ವರಿನಲ್ಲಿ ಎಲ್ಲವೂ ಅಳಿದಿದೆಯೆಂದು ಅದಕ್ಕೆ ತಿಳಿಯಿತು. ಪುಣ್ಯಾತ್ಮ ಕಂಪ್ಯೂಟರು ಕೇಳದೆ ಅಳಿಸಲಿಲ್ಲ. ಪರದೆಯ ಮೇಲೆ ಒಂದು ಇಂಗ್ಲಿಷ್ ಪ್ರಶ್ನೆಯನ್ನಿಟ್ಟಿತು: ಸರ್ವರಿನ ಕಡತಗಳೆಲ್ಲ ಹೋಗಿವೆ, ಇಲ್ಲಿಯವನ್ನೂ ತೆಗೆಯಲೇ, ಇರಿಸಿಕೊಳ್ಳಲೇ? ನಾವು ಅತಿಥಿಗಳ ಪಟ್ಟಿಯನ್ನು ಬರೆಯುತ್ತಿದ್ದೆವು. ಇಂಥ ಪ್ರಶ್ನೆಗಳು ದಿನಕ್ಕೆ ಹತ್ತು ಬರುವವು. ಓದದೆಯೇ ಒಪ್ಪಿಗೆ ಒತ್ತುವ ಅಭ್ಯಾಸ ಕೈಗೆ ಬಿದ್ದಿತ್ತು. ತೆಗೆಯೆಂದು ಒತ್ತಿದೆವು. ವಿದ್ಯಾರ್ಥಿಗಳಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರೆಂದು ಮೂರು ದಶಕ ಹೇಳಿದ ಕೈ ಇದೇ.

ಆ ರಾತ್ರಿ ಊಟವಾದ ಮೇಲೆ ಬೀಗರಿಗೆ ತಾಯಿಯವರ ಪದವನ್ನು ಕೇಳಿಸಬೇಕೆಂದು ಕಂಪ್ಯೂಟರಿನ ಮುಂದೆ ಕುಳಿತೆವು. ಫೋಲ್ಡರು ಬರಿದಾಗಿತ್ತು. ಸರ್ವರಿನಲ್ಲಿ ನೋಡಿದೆವು, ಅಲ್ಲಿಯೂ ಇಲ್ಲ. ಹುಡುಗನ ಮುಖ ಬಿಳಿಚಿಕೊಂಡಿತು. ನಾವು ಅವನಿಗೆ ಏನನ್ನೂ ಅನ್ನಲಿಲ್ಲ. ಅನ್ನುವ ಅಧಿಕಾರವೂ ಇರಲಿಲ್ಲ, ಯಾತಕ್ಕೆಂದರೆ ಒತ್ತಿದವರು ನಾವು. ಮನೆಯಲ್ಲಿ ಬಂಧುಗಳೆಲ್ಲ ಮಲಗಿದರು. ಬೀಸುವ ಕಲ್ಲಿನ ಸದ್ದಿನೊಂದಿಗೆ ಕೂಡಿದ ಆ ಧ್ವನಿಯನ್ನು ನೆನಪಿನಿಂದಲೇ ತಂದುಕೊಳ್ಳಲು ಯತ್ನಿಸುತ್ತ ಕುಳಿತೆವು. ಪದಗಳು ನೆನಪಾದವು, ಧ್ವನಿ ಬರಲಿಲ್ಲ.

ನಸುಕಿನ ನಾಲ್ಕು ಘಂಟೆಗೆ ಹುಡುಗನು ಓಡಿಬಂದನು. ಅವನೂ ಮಲಗಿರಲಿಲ್ಲ. ಸರ್ವರನ್ನು ಬಿಟ್ಟು ನೇರವಾಗಿ ಭಂಡಾರದ ಪೆಟ್ಟಿಗೆಯನ್ನೇ ತೆರೆದು ನೋಡಿದ್ದನು. ಅಲ್ಲಿ ಎಲ್ಲವೂ ಇದ್ದಂತೆಯೇ ಇತ್ತು. ಜೋಡಣೆಯೇ ಇರದ್ದರಿಂದ ಸರ್ವರಿನ ಕೈ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಯಾವ ದೋಷವು ನಮ್ಮನ್ನು ಕೆಡಿಸಿತೋ ಅದೇ ಕಾಪಾಡಿತ್ತು. ನಾವು ಒಂದು ಪದವನ್ನು ಸಣ್ಣ ದನಿಯಲ್ಲಿ ಕೇಳಿ, ಸ್ನಾನಕ್ಕೆ ಹೋದೆವು.

ಆದರೆ ಆ ದಿನ ಕಾರ್ಯದ ಗದ್ದಲದಲ್ಲಿ ದುರಸ್ತಿಗೆ ಅವಕಾಶವಾಗಲಿಲ್ಲ. ರಾತ್ರಿ ಹುಡುಗನು ಜೋಡಣೆಯನ್ನು ಸರಿಪಡಿಸಿ ಮರಳಿ ಎಣಿಸಿದನು. ಹಳೆಯವೆಲ್ಲ ತಿರುಗಿ ಬಂದವು. ಬಂದವುಗಳೂ ಕೀರ್ದಿಯಲ್ಲಿ ಹೊಸ ಅಂಕೆಗಳನ್ನು ಪಡೆದದ್ದರಿಂದ, ಯಾರು ಯಾರಿಗೆ ಹಂಚಿದ್ದೆವೆಂಬ ವಿವರಗಳೆಲ್ಲ ಹೋದವು. ಧಾರವಾಡದ ಮಗಳಿಗೂ ಪುಣೆಯ ಅಳಿಯನಿಗೂ ಎಲ್ಲವನ್ನೂ ಮತ್ತೆ ಹಂಚಬೇಕಾಯಿತು. ಇದು ಸಣ್ಣ ನಷ್ಟ. ದೊಡ್ಡ ಗಾಬರಿ ಬೇರೆಯದೇ. ಅಂದು ಸೊಸೆಯು ಮೊಬೈಲಿನಲ್ಲಿ ತೆಗೆದ ತೊಟ್ಟಿಲಿನ ಚಿತ್ರಗಳು ಎಲ್ಲಿಯೂ ಕಾಣಲಿಲ್ಲ. ಚಿತ್ರವು ಸರ್ವರಿಗೆ ಸೇರಿದ ಕೂಡಲೆ ಮೊಬೈಲಿನಿಂದ ಅಳಿಯಲೆಂದು ಆಕೆ ಏರ್ಪಾಡು ಮಾಡಿದ್ದಳು. ಮೊಬೈಲಿನಲ್ಲಿ ಸ್ಥಳ ಕಡಿಮೆ. ಸೇರಿದವೆಂದು ಮೊಬೈಲು ಹೇಳುತ್ತದೆ, ಇಲ್ಲವೆಂದು ಸರ್ವರು ಹೇಳುತ್ತದೆ. ಸೊಸೆಯು ಬಾಯಿಬಿಟ್ಟು ಏನೂ ಹೇಳಲಿಲ್ಲ. ಎರಡು ದಿನ ಅಡಿಗೆಮನೆಯಿಂದ ಪಾತ್ರೆಗಳ ಸದ್ದು ಮಾತ್ರ ಸ್ವಲ್ಪ ಹೆಚ್ಚಾಗಿ ಕೇಳಿಬಂದಿತು.

ಮೂರನೆಯ ದಿನ ಹುಡುಗನಿಗೆ ಒಂದು ಸಂಗತಿ ಹೊಳೆಯಿತು. 32 ಗಿಗಾಬೈಟಿನ ಕಾರ್ಡಿನಲ್ಲಿರುವ ಕಡತಗಳನ್ನೆಲ್ಲ ಕೂಡಿಸಿದರೆ 9 ಆಗುತ್ತಿತ್ತು. ಬಳಕೆಯಾದ ಸ್ಥಳವೆಂದು ಯಂತ್ರವು ತೋರಿಸುತ್ತಿದ್ದದ್ದು 13. ಉಳಿದ ನಾಲ್ಕು ಎಲ್ಲಿ? ಭಂಡಾರದ ಜೋಡಣೆಯನ್ನು ತಾನೇ ಬೇಕೆಂದು ಬಿಡಿಸಿದನು. ಬಾಗಿಲ ಹಿಂದಿನ ಗೂಡು ಪುನಃ ಕಾಣಿಸಿತು, ಅದರಲ್ಲಿ ಮೊಮ್ಮಗಳ ಚಿತ್ರಗಳೆಲ್ಲ ಒಟ್ಟಿಗೆ ಕುಳಿತಿದ್ದವು! ಹಗೇವು ತಗುಲಿದೊಡನೆ ಗೂಡು ಮರೆಯಾಗಿತ್ತೇ ಹೊರತು ಅಳಿದಿರಲಿಲ್ಲ.

ಈ ಅನುಭವದ ತರುವಾಯ ನಮ್ಮ ಮನೆಯ ವ್ಯವಸ್ಥೆಯನ್ನು ಹೀಗೆ ತಿದ್ದಿಕೊಂಡಿದ್ದೇವೆ. ಭಂಡಾರವು ಜೋಡಣೆಯಾಗುವ ತನಕ ನೆಕ್ಸ್ಟ್‌ಕ್ಲೌಡು ಏಳಕೂಡದೆಂದು ಸರ್ವರಿಗೆ ಕಟ್ಟುಮಾಡಿದೆ; ಪೆಟ್ಟಿಗೆ ಓಗೊಡದಿದ್ದರೆ ಕರೆಯುತ್ತಲೇ ಇರಬೇಕೆಂದೂ ಹೇಳಿದೆ. ಬಾಗಿಲ ಹಿಂದಿನ ಗೂಡಿಗೆ, ಅದು ಬರಿದಾಗಿರುವಾಗ, ಯಾರೂ ಏನನ್ನೂ ಬರೆಯಲಾಗದಂಥ ಮುದ್ರೆಯನ್ನು ಒತ್ತಿದೆ. ಲಿನಕ್ಸ್ ಯಂತ್ರಗಳಲ್ಲಿ ಇದು ಒಂದು ಸಾಲಿನ ಆಜ್ಞೆ, ಸರ್ವಾಧಿಕಾರಿಯನ್ನೂ ಅದು ತಡೆಯುವದು. ಇನ್ನು ಜೋಡಣೆ ತಪ್ಪಿದರೆ ಸರ್ವರು ಸುಮ್ಮನೆ ಸುಳ್ಳು ಗೂಡನ್ನು ತುಂಬದೆ, ಆ ಕ್ಷಣವೇ ಕೂಗಿಕೊಳ್ಳುವದು. ಗುರುತಿನ ಕಡತವನ್ನು ಮನುಷ್ಯರ ಕೈಯಿಂದ ಮಾಡಕೂಡದೆಂಬದು ಮನೆಯ ನಿಯಮವಾಗಿದೆ. ಸರ್ವರು, ಪೆಟ್ಟಿಗೆ, ನೆಟ್‌ವರ್ಕಿನ ರೌಟರು ಈ ಮೂರಕ್ಕೂ ಒಂದೇ ಬ್ಯಾಟರಿಯನ್ನು ಕೊಟ್ಟಿದ್ದೇವೆ. ರೌಟರನ್ನು ಮರೆತು ಉಳಿದೆರಡಕ್ಕೆ ಮಾತ್ರ ಬ್ಯಾಟರಿ ಕೊಡುವವರುಂಟು. ಹೊಳೆಯ ಎರಡೂ ದಂಡೆಯಲ್ಲಿ ದೀಪ ಹಚ್ಚಿ ಹರಿಗೋಲನ್ನು ಬಿಟ್ಟುಕೊಟ್ಟಂತೆ. ತಂತಿಯಿಲ್ಲದ ವೈಫೈಯಲ್ಲಿ ಭಂಡಾರವನ್ನು ಜೋಡಿಸುವ ಗೋಜಿಗೂ ಹೋಗಬಾರದು.

ಪ್ರಶ್ನೆ ಕಳಿಸಿದ ಗೃಹಸ್ಥರಿಗೆ ಇನ್ನೊಂದು ಮಾತು. ಭಂಡಾರದ ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳಿದ್ದು ಒಂದರ ಪ್ರತಿ ಇನ್ನೊಂದರಲ್ಲಿರುವದರಿಂದ ತಾವು ನಿಶ್ಚಿಂತರೆಂದು ಬರೆದಿದ್ದಾರೆ. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ನಡೆಸುವದೆಂಬದು ನಿಜ. ಆದರೆ ಅಳಿಸೆಂದು ಒತ್ತಿದರೆ ಎರಡರಿಂದಲೂ ಅದೇ ಕ್ಷಣದಲ್ಲಿ ಅಳಿಯುವದು. ಕಳ್ಳನೊಯ್ದರೆ, ಸಿಡಿಲು ಬಡಿದರೆ ಎರಡೂ ಕೂಡಿಯೇ ಹೋಗುವವು. ಅದಕ್ಕೆ ಪ್ರತಿಯೆನ್ನಲಾಗದು. ನಮ್ಮೂರಿನಲ್ಲಿ ರಟ್ಟರ ಕಾಲದ, 13ನೆಯ ಶತಮಾನದ ಶಿಲಾಶಾಸನವಿದೆ. ಕಲ್ಲಿಗಿಂತ ಗಟ್ಟಿಯಾದ ಡಿಸ್ಕು ಯಾವುದು? ಆದರೂ ಫ್ಲೀಟ್ ಸಾಹೇಬರು 19ನೆಯ ಶತಮಾನದಲ್ಲಿ ರಟ್ಟರ ಶಾಸನಗಳ ಪಾಠವನ್ನು ಮುಂಬಯಿಯ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚುಹಾಕಿಸಿದ್ದರಿಂದಲೇ, ಕಲ್ಲು ಸವೆದಷ್ಟೂ ಅವುಗಳ ಅಕ್ಷರ ಬೇರೆ ಊರುಗಳ ಪುಸ್ತಕಾಲಯಗಳಲ್ಲಿ ಉಳಿದಿದೆ.

ನಮ್ಮ ತಂಗಿಯ ಮನೆ ಸವದತ್ತಿಯಲ್ಲಿದೆ. ಎರಡು ಬಿಡಿ ಡಿಸ್ಕುಗಳನ್ನು ಕೊಂಡಿದ್ದೇವೆ; ಒಂದು ಆಕೆಯ ಟ್ರಂಕಿನಲ್ಲಿ, ಒಂದು ನಮ್ಮಲ್ಲಿ. ತಿಂಗಳಿಗೊಮ್ಮೆ ಭಂಡಾರದ ಸಂಗ್ರಹವನ್ನೂ ಅದೇ ದಿನದ ಕೀರ್ದಿಯನ್ನೂ ಕೂಡಿಯೇ ನಕಲುಮಾಡಿ, ತಂತಿ ಬಿಡಿಸಿ, ಬೀಗ ಹಾಕಿ, ಯರಗಟ್ಟಿಯ ಮಾರ್ಗವಾಗಿ ಬಸ್ಸಿನಲ್ಲಿ ಒಯ್ದು ಅದಲುಬದಲು ಮಾಡಿಕೊಂಡು ಬರುತ್ತೇವೆ. ಕೀರ್ದಿಯಿಲ್ಲದೆ ಸಂಗ್ರಹವೊಂದನ್ನೇ ಒಯ್ದರೆ, ಮರಳಿಸುವಾಗ ಹಂಚಿಕೆಯ ಗೋಳು ಪುನಃ ಗಂಟುಬೀಳುವದು. ಡಿಸ್ಕಿನಲ್ಲಿ ಏನಿದೆಯೆಂದು ತಂಗಿಗೂ ತೋರದಂತೆ ಸಂಕೇತಾಕ್ಷರಗಳಲ್ಲಿ ಅದನ್ನು ಮುಚ್ಚಿರುತ್ತೇವೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಉಪನಿಧಿಯೆಂಬದೊಂದು ಪ್ರಕರಣವಿದೆ. ಒಳಗಿರುವದನ್ನು ಹೇಳದೆ ಮುದ್ರೆ ಹಾಕಿ ಒಪ್ಪಿಸಿದ ಇಡುಗಂಟಿನ ಧರ್ಮವನ್ನು ಅಲ್ಲಿ ಹೇಳಿದೆ. ತಂಗಿಗೆ ಇದನ್ನು ವಿವರಿಸಿದಾಗ ಆಕೆ, "ಅಣ್ಣಾ, ಅದರಾಗ ಅವ್ವನ ಪದಾ ಅದಾವೇನು? ಹಂಗಾದ್ರ ಮುದ್ರಿ ಒಡದು ನನಗ ಒಂದು ಪ್ರತಿ ಕೊಡು," ಎಂದಳು. ಕೊಟ್ಟಿದ್ದೇವೆ. ಈಗ ಆ ಪದಗಳು ಆಕೆಯ ಮೊಬೈಲಿನಲ್ಲಿಯೂ ಇವೆ; ರೊಟ್ಟಿ ಬಡಿಯುವಾಗ ಹಚ್ಚಿಕೊಳ್ಳುತ್ತಾಳಂತೆ.

ಈ ತಿಂಗಳ ಡಿಸ್ಕು ಸಿದ್ಧವಾಗಿದೆ. ಬರುವ ಸೋಮವಾರ ಹೊರಡಬೇಕು.